ಕುದುರೆಮುಖ: ಹುಲ್ಲಿನಡಿಯ ಕಬ್ಬಿಣ

ಅರಬ್ಬಿ ಕಡಲಿನ ಹಡಗಿನವರಿಗೆ ಅದು ಕುದುರೆಯ ಮುಖ. ಘಟ್ಟದ ಮೇಲಿನವರಿಗೆ ಸಂಸೆ ಪರ್ವತ. ಕೊನೆಗೆ ಉಳಿದದ್ದು ಕಡಲಿನವರು ಕೊಟ್ಟ ಹೆಸರು. ನೆತ್ತಿಯ ಮೇಲೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲೆ ಕಾಡು. ಇದೇ ಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ.

ಹುಲ್ಲಿನಡಿ ಕಬ್ಬಿಣವಿದೆ ಎಂದು 1913ರಲ್ಲೇ ಗುರುತಿಸಿದವರು ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. ಆದರೆ ಅದಿರು ಬಡಕಲು, ದಾರಿ ದುರ್ಗಮ, ಮಳೆ ವಿಪರೀತ. ಅರವತ್ತು ವರ್ಷ ಗುಡ್ಡ ತನ್ನ ಪಾಡಿಗೆ ತಾನಿತ್ತು. 1975ರಲ್ಲಿ ಇರಾನಿನ ಶಾ ಸರ್ಕಾರ ಇಲ್ಲಿ ಗಣಿ ತೆರೆಯಲು 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು, ಅದಿರು ಕೊಳ್ಳಲೂ ಒಪ್ಪಿತು. ಮರುವರ್ಷವೇ ಗಣಿ ಕಂಪನಿ ಹುಟ್ಟಿತು, ಇಲ್ಲಿನ ಮಲ್ಲೇಶ್ವರದ ಬಳಿ ಟೌನ್‌ಶಿಪ್ ಎದ್ದಿತು. ಅಷ್ಟರಲ್ಲಿ ತೆಹರಾನಿನಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟ. ಅವನ ಸಿಂಹಾಸನ ಉರುಳಿದ್ದಕ್ಕೆ ಮಲೆನಾಡಿನ ಮೂಲೆಯೊಂದರ ಲೆಕ್ಕಪುಸ್ತಕ ತಲೆಕೆಳಗಾಯಿತು! ದುಡ್ಡು ನಿಂತರೂ ಕೆಲಸ ನಿಲ್ಲಲಿಲ್ಲ. ಭಾರತವೇ ಅದನ್ನು ಮುಗಿಸಿತು.

ಬಡಕಲು ಅದಿರನ್ನು ಹಾಗೇ ಮಾರಲಾಗದು. ಕಲ್ಲನ್ನು ಹಿಟ್ಟಿನಂತೆ ಅರೆದು, ಕಬ್ಬಿಣ ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಕಡಲತೀರದ ಪಣಂಬೂರಿಗೆ ಮುಟ್ಟಿಸುತ್ತಿದ್ದರು. ಜಾಣತನದ ಎಂಜಿನಿಯರಿಂಗ್, ಒಪ್ಪಲೇಬೇಕು. ಉಳಿದ ಕಲ್ಲುಹಿಟ್ಟಿಗೆ ಮಾತ್ರ ಜಾಗ ಬೇಕಲ್ಲ? ಲಕ್ಯಾ ಹಳ್ಳಕ್ಕೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಅಲ್ಲಿ ಹೂಳು ತುಂಬಿದರು.

ಅತ್ತ ಕಾಡಿನ ನೆತ್ತಿಯಲ್ಲಿ ಸಿಂಗಳೀಕ ತನ್ನ ಸಂಸಾರ ನಡೆಸಿತ್ತು. ಕರಿಮೈ, ಮುಖದ ಸುತ್ತ ಬೂದು ಕೇಸರ, ಸಿಂಹದಂಥ ಬಾಲ. ಮರದಿಂದ ಮರಕ್ಕೇ ಬದುಕುವ ಈ ಕೋತಿಗೆ ಕಾಡು ಕಡಿದುಹೋದರೆ ದಾರಿಯೇ ಕಡಿದಂತೆ. 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಅದರ ಫಲವಾಗಿ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. ಸುತ್ತ ಉದ್ಯಾನ, ನಡುವೆ ಗಣಿ. ಒಂದೇ ಮಳೆಯಲ್ಲಿ ಎರಡೂ ನೆನೆದವು.

ಗುತ್ತಿಗೆ 1999ರಲ್ಲಿ ಮುಗಿದರೂ ಗಣಿ ಮುಗಿಯಲಿಲ್ಲ. ಗುಡ್ಡದ ಕೆಮ್ಮಣ್ಣು ಭದ್ರೆಗೆ ಇಳಿಯುವುದರ ವಿರುದ್ಧ ಜನ ದನಿಯೆತ್ತಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರ ತೀರ್ಪು 2005ರ ಕೊನೆಯವರೆಗೆ ಗಡುವು ಕೊಟ್ಟಿತು. ಆ ಡಿಸೆಂಬರಿನಲ್ಲಿ ಯಂತ್ರಗಳು ನಿಂತವು, ಟೌನ್‌ಶಿಪ್ಪಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಲಕ್ಯಾ ಕಣಿವೆಯ ಹೂಳು ಎಲ್ಲಿಗೂ ಹೋಗಿಲ್ಲ.