ರಬ್ಬರ್ ಬುಷ್ಷು ಹೋಗಿ ಪಾಲಿಯುರೆಥೇನ್ ಬಂತು

ಕುಕ್ಕರಿನ ಗ್ಯಾಸ್ಕೆಟ್ ಹಳೇದಾದ್ರ ಬಿರಸಾಗಿ ಸೀಳ್ತದಲ್ರೀ, ಕಾರಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್ಷಿನ ಹಣೇಬರಾನೂ ಅಷ್ಟ. ಗಾಲಿ ಹಿಡಿದ ಕಬ್ಬಿಣದ ತೋಳು ಗಾಡಿಗೆ ಕೂಡೋ ಜಾಗಾದಾಗ ಅದು ಕೂತಿರ್ತದ. ರಸ್ತೆಯ ಹೊಡ್ತ ನುಂಗ್ತದ.

1839ರಾಗ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಕೂಡಿಸಿ ಕಾಸಿ ಗಟ್ಟಿ ಮಾಡಿದ. 1937ರಾಗ ಜರ್ಮನಿಯ ಒಟ್ಟೊ ಬೇಯರ್ ಮತ್ತು ಜೊತೆಗಾರರು ಪಾಲಿಯುರೆಥೇನ್ ಕಂಡುಹಿಡಿದ್ರು. ನಮ್ಮ ಫೋಮ್ ಗಾದೀನೂ ಅದೇ ಕುಲದ್ದು.

1989ರಾಗ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5, ಎರಡ ಸೀಟಿನ ಸ್ಪೋರ್ಟ್ಸ್ ಕಾರು, ರಬ್ಬರ್ ಬುಷ್ಷಿನ ಮ್ಯಾಲೇ ಓಡಿತು. ಆಗಿನ ಗಾಡಿಗಳಿಗೆ ಈಗ ಮೂವತ್ತು ದಾಟೇದ. ರಬ್ಬರ್ ಸೀಳಿದ್ರ ತಿರುವಿನ್ಯಾಗ ಗಾಲಿ ನೆಟ್ಟಗ ನಿಲ್ಲಂಗಿಲ್ಲ. ಅದಕ್ಕ ಹಲವರು ಪಾಲಿಯುರೆಥೇನ್ ಹಾಕಸ್ತಾರ. ಸ್ಟೇರಿಂಗ್ ಹೇಳಿದ್ಹಂಗ ಕೇಳ್ತದ. ಆದ್ರ ಗ್ರೀಸ್ ಆರಿದ್ರ ಕಿರ್ರ್ ಅಂತದ, ತಗ್ಗು ಬಂದ್ರ ಬೆನ್ನಿಗೆ ತಾಗ್ತದ. ದಿನಾ ಮನಿಮಂದೀನ ಕೂಡಿಸಿಕೊಂಡು ಓಡಸೋರಿಗೆ ಹೊಸಾ ರಬ್ಬರ್ ಬುಷ್ಷೇ ಛಲೋ.