ಕಲ್ಪಿತ ಲೋಕಗಳಲ್ಲಿ ಪಾಠಶಾಲೆ: ಒಂದು ಚಾರಿತ್ರಿಕ ಅವಲೋಕನ

ವಿದ್ಯಾಭ್ಯಾಸದ ಸಾಧನಗಳಿಗೂ ಒಂದು ಚರಿತ್ರೆಯುಂಟು. ಮರಳ ಮೇಲೆ ಬೆರಳಿನಿಂದ ತಿದ್ದಿದ ಕಾಲ ಕಳೆದು ಸ್ಲೇಟು ಬಂದಿತು. ಸ್ಲೇಟಿನ ಹಿಂದೆ ಕರಿಹಲಗೆ, ಭೂಪಟ, ರೇಡಿಯೋ, ದೂರದರ್ಶನಗಳು ಬಂದುವು. ಒಂದೊಂದು ಬಂದಾಗಲೂ ಉಪಾಧ್ಯಾಯರಾದ ನಮ್ಮಲ್ಲಿ ಕೆಲವರು ಅದನ್ನು ಹೊಗಳಿದರು, ಕೆಲವರು ಹಳಿದರು. ಅದನ್ನು ಯಾರು, ಯಾವ ಉದ್ದೇಶದಿಂದ, ಯಾವ ಭಾಷೆಯಲ್ಲಿ ನಿರ್ಮಿಸಿದರು ಎಂದು ವಿಚಾರಿಸಿದವರು ಕಡಮೆ. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪೆನಿಯು ತನ್ನ ಹೆಸರನ್ನು ಮೆಟಾ ಎಂದು ಬದಲಿಸಿಕೊಂಡ ತರುವಾಯ ‘ಮೆಟಾವರ್ಸ್’ ಎಂಬ ಮಾತು ಶಿಕ್ಷಣ ಸಮ್ಮೇಳನಗಳಲ್ಲಿಯೂ ಕೇಳಿಬರತೊಡಗಿತು. ಅದು ಏನೋ ನಿನ್ನೆ ಮೊನ್ನೆ ಹುಟ್ಟಿದ ಅದ್ಭುತವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ವಾಸ್ತವದಲ್ಲಿ ಈ ವಸ್ತುವಿಗೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ. ಅದನ್ನು ಸ್ಥೂಲವಾಗಿ ನಿರೂಪಿಸಿ, ಗಡಿನಾಡಿನ ಕನ್ನಡ ಶಾಲೆಗಳಿಗೆ ಅದರಿಂದ ದೊರೆಯುವ ಪಾಠವೇನೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಲ್ಪಿತ ಲೋಕವೆಂದರೇನು? ಕಂಪ್ಯೂಟರುಗಳ ಜಾಲದೊಳಗೆ ನಿರ್ಮಿತವಾದ ಒಂದು ಸ್ಥಳ. ಅನೇಕರು ಬೇರೆ ಬೇರೆ ಊರುಗಳಿಂದ ಏಕಕಾಲದಲ್ಲಿ ಅದನ್ನು ಪ್ರವೇಶಿಸಬಹುದು. ಅಲ್ಲಿ ನಡೆದಾಡಬಹುದು, ಮಾತನಾಡಬಹುದು, ವಸ್ತುಗಳನ್ನು ಮಾಡಬಹುದು. ಒಬ್ಬನು ಹೊರಟುಹೋದರೂ ಆ ಲೋಕ ಅಳಿಯದೆ ಇರುತ್ತದೆ. ಪಾಠದ ಚಲಚ್ಚಿತ್ರಕ್ಕೂ ಇದಕ್ಕೂ ಇರುವ ಭೇದ ಇಷ್ಟೇ: ಚಲಚ್ಚಿತ್ರವನ್ನು ವಿದ್ಯಾರ್ಥಿ ನೋಡುತ್ತಾನೆ, ಇಲ್ಲಿ ಅವನು ಮಾಡುತ್ತಾನೆ.

ಮಾತಿನಿಂದ ಕಟ್ಟಿದ ಲೋಕ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ‘ಮಡ್’ ಎಂಬ ಆಟವೊಂದನ್ನು ಆರಂಭಿಸಿದನು. ಸಹಪಾಠಿಯಾದ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಅದರಲ್ಲಿ ಚಿತ್ರವೆಂಬುದೇ ಇರಲಿಲ್ಲ. ನೀವು ನಿಂತ ಜಾಗ ಹೀಗಿದೆ, ಉತ್ತರಕ್ಕೆ ದಾರಿಯಿದೆ ಎಂದು ಪರದೆಯ ಮೇಲೆ ಬರಹ ಮೂಡುತ್ತಿತ್ತು. ಆಡುವವನು ಹೋಗಬೇಕಾದ ದಿಕ್ಕನ್ನು ಬೆರಳಚ್ಚಿಸುತ್ತಿದ್ದನು. 1980ರಲ್ಲಿ ಅದು ಅಮೆರಿಕದ ಆರ್ಪಾನೆಟ್ ಜಾಲಕ್ಕೆ ಜೋಡಣೆಯಾಗಿ, ಸಮುದ್ರದಾಚೆಯವರೂ ಅದರೊಳಗೆ ಬಂದರು.

ಕಾಸರಗೋಡಿನವರಾದ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆಯ ನುಡಿ, ಅರ್ಥಧಾರಿಗಳ ಮಾತು ಇಷ್ಟರಿಂದಲೇ ಹಸ್ತಿನಾವತಿಯ ಸಭೆ ನಮ್ಮ ಕಣ್ಣಮುಂದೆ ಬಂದು ನಿಲ್ಲುತ್ತದೆ. ಮಡ್ ಎಂಬುದು ಕಂಪ್ಯೂಟರಿನ ತಾಳಮದ್ದಳೆ ಎಂದರೆ ತಪ್ಪಾಗದು.

1990ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಪಾವೆಲ್ ಕರ್ಟಿಸ್ ‘ಲ್ಯಾಂಬ್ಡಾಮೂ’ ಎಂಬ ಲೋಕವನ್ನು ತೆರೆದನು. ಇಲ್ಲಿ ಒಂದು ಮಹತ್ವದ ಬದಲಾವಣೆಯಾಯಿತು. ಬಂದವರು ಇದ್ದ ಮನೆಯಲ್ಲಿ ತಿರುಗಾಡಿ ಹೋಗುವುದಷ್ಟೇ ಅಲ್ಲ, ತಾವೇ ಹೊಸ ಕೋಣೆಗಳನ್ನೂ ವಸ್ತುಗಳನ್ನೂ ಬರೆದು ಸೇರಿಸಬಹುದಾಗಿತ್ತು. ಶಿಕ್ಷಣದ ದೃಷ್ಟಿಯಿಂದ ಇದರ ಬೆಲೆಯನ್ನು ಗುರುತಿಸಿದವರಲ್ಲಿ ಎಂ.ಐ.ಟಿ.ಯ ಆ್ಯಮಿ ಬ್ರಕ್‌ಮನ್ ಪ್ರಮುಖರು. 1993ರಲ್ಲಿ ಅವರು ಸಂಶೋಧಕರಿಗಾಗಿ ‘ಮೀಡಿಯಾಮೂ’ ಎಂಬುದನ್ನೂ, ಅನಂತರ ಮಕ್ಕಳಿಗಾಗಿ ‘ಮೂಸ್ ಕ್ರಾಸಿಂಗ್’ ಎಂಬುದನ್ನೂ ನಿರ್ಮಿಸಿದರು. ಎರಡನೆಯದರಲ್ಲಿ ಮಕ್ಕಳು ವರ್ಣನೆಗಳನ್ನು ಬರೆದು, ವಸ್ತುಗಳು ಹೇಗೆ ವರ್ತಿಸಬೇಕೆಂಬುದಕ್ಕೆ ಸೂಚನೆಗಳನ್ನು ಹೆಣೆದು, ಬರವಣಿಗೆಯನ್ನೂ ಕ್ರಮವಿಧಿರಚನೆಯನ್ನೂ ಒಟ್ಟಿಗೆ ಕಲಿತರು. ಕೈಯಾರೆ ಒಂದನ್ನು ಕಟ್ಟಿ ಇತರರಿಗೆ ತೋರಿಸುವಾಗ ಕಲಿಕೆ ದೃಢವಾಗುತ್ತದೆಂಬ ಸೆಯ್ಮೋರ್ ಪೇಪರ್ಟರ ತತ್ತ್ವವೇ ಇದರ ತಳಹದಿ.

ಆದರೆ ಈ ಲೋಕಗಳೆಲ್ಲವೂ ರೋಮನ್ ಲಿಪಿಯಿಂದ ಕಟ್ಟಿದವು. ಮಾತೇ ಗೋಡೆ, ಮಾತೇ ಬಾಗಿಲಾಗಿದ್ದ ಆ ಮನೆಯಲ್ಲಿ ಕನ್ನಡ ಬಲ್ಲ ಮಗುವಿಗೆ ಬಾಗಿಲೇ ಇರಲಿಲ್ಲ. ಲೋಕದ ಲಿಪಿಗಳಿಗೆಲ್ಲ ಏಕರೂಪವಾದ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡಿನ ಮೊದಲನೆಯ ಆವೃತ್ತಿ 1991ರಲ್ಲಿ ಹೊರಬಂದಾಗ ಅದರಲ್ಲಿ ಕನ್ನಡವೂ ಸೇರಿತ್ತು. ಅಕ್ಷರಕ್ಕೆ ಸಂಖ್ಯೆ ದೊರೆತ ಮಾತ್ರಕ್ಕೆ ಎಲ್ಲ ಪರದೆಗಳಲ್ಲಿಯೂ ಅದು ಮೂಡುವುದೆಂದಲ್ಲ. ಈ ಸಂಗತಿಗೆ ಮುಂದೆ ಬರುತ್ತೇವೆ.

ವೇಷ ತೊಟ್ಟ ಲೋಕ

ತಾಳಮದ್ದಳೆಯಿಂದ ಬಯಲಾಟಕ್ಕೆ ಬರುವಂತೆ, ಚಿತ್ರವುಳ್ಳ ಲೋಕಗಳೂ ಇಷ್ಟರಲ್ಲಿಯೇ ತಲೆದೋರಿದ್ದುವು. 1986ರ ಸುಮಾರಿಗೆ ಅಮೆರಿಕದ ಲ್ಯೂಕಾಸ್ ಫಿಲ್ಮ್ ಸಂಸ್ಥೆಯಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್, ರ್‍ಯಾಂಡಿ ಫಾರ್ಮರ್ ಎಂಬಿಬ್ಬರು ‘ಹ್ಯಾಬಿಟ್ಯಾಟ್’ ಎಂಬುದನ್ನು ರಚಿಸಿದರು. ಪ್ರವೇಶಿಸಿದವನ ಪರವಾಗಿ ಪರದೆಯ ಮೇಲೆ ಓಡಾಡುವ ರೂಪವನ್ನು ಅವರು ‘ಅವತಾರ್’ ಎಂದು ಕರೆದರು. ನೀಲ್ ಸ್ಟೀಫನ್‌ಸನ್ 1992ರಲ್ಲಿ ಪ್ರಕಟಿಸಿದ ‘ಸ್ನೋ ಕ್ರ್ಯಾಷ್’ ಎಂಬ ಕಾದಂಬರಿಯಿಂದ ಈ ಪದ ಇನ್ನಷ್ಟು ಹರಡಿತು. ‘ಮೆಟಾವರ್ಸ್’ ಎಂಬ ಪದವೂ ಅದೇ ಕಾದಂಬರಿಯದು. ನಮ್ಮ ಪುರಾಣಗಳ ಮಾತೊಂದು ಹೀಗೆ ಕಡಲು ದಾಟಿ, ಹೊಸ ಅರ್ಥವನ್ನು ಹೊತ್ತು, ನಮ್ಮ ಮಕ್ಕಳ ಬಾಯಿಗೆ ಇಂಗ್ಲಿಷ್ ಪದವಾಗಿ ಮರಳಿ ಬಂದಿದೆ.

ಪಾಠಕ್ಕಾಗಿಯೇ ನಿರ್ಮಿಸಿದ ಲೋಕಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕ್ರಿಸ್ ಡೀಡ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ರೂಪಿಸಿದ ‘ರಿವರ್ ಸಿಟಿ’ ವಿಶೇಷವಾಗಿ ಸ್ಮರಣೀಯ. ಅದು ಹತ್ತೊಂಬತ್ತನೆಯ ಶತಮಾನದ ಒಂದು ಕಲ್ಪಿತ ನಗರ. ಅಲ್ಲಿನ ಜನರು ಕಾಯಿಲೆ ಬಿದ್ದಿದ್ದಾರೆ. ವಿದ್ಯಾರ್ಥಿಗಳು ತಂಡಗಳಾಗಿ ಬೀದಿಗಳಲ್ಲಿ ತಿರುಗಿ, ನಿವಾಸಿಗಳನ್ನು ಪ್ರಶ್ನಿಸಿ, ನೀರನ್ನು ಪರೀಕ್ಷಿಸಿ, ಕಾರಣವನ್ನು ಊಹಿಸಿ, ಊಹೆಯನ್ನು ಪ್ರಯೋಗದಿಂದ ಒರೆಗೆ ಹಚ್ಚಬೇಕು. ನೀರಿನಿಂದ ಹರಡುವ ರೋಗ, ಸೊಳ್ಳೆಯಿಂದ ಹರಡುವ ರೋಗ, ಮನುಷ್ಯನಿಂದ ಮನುಷ್ಯನಿಗೆ ಅಂಟುವ ರೋಗ ಎಲ್ಲವೂ ಅಲ್ಲಿ ಬೆರೆತಿರುವುದರಿಂದ ಒಂದೇ ಉತ್ತರದಿಂದ ಕೆಲಸ ಸಾಗದು. ವಿಜ್ಞಾನದ ವಿಧಾನವನ್ನು ಬೋಧಿಸಲು ಇದಕ್ಕಿಂತ ಉತ್ತಮ ಉಪಾಯ ಅಪರೂಪವೆಂದು ನಮ್ಮ ಭಾವನೆ.

2003ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಎಂಬ ಕಂಪೆನಿಯು ‘ಸೆಕೆಂಡ್ ಲೈಫ್’ ಎಂಬ ಲೋಕವನ್ನು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಭೂಮಿಗೆ ಹಣ ತೆತ್ತು, ತಿಂಗಳು ತಿಂಗಳು ಬಾಡಿಗೆಯಂತೆ ಕೊಡುತ್ತಿರಬೇಕು. ಮೇಲೆ ಕಟ್ಟಡವನ್ನು ನಾವೇ ಕಟ್ಟಿಕೊಳ್ಳಬೇಕು. ಅನೇಕ ವಿಶ್ವವಿದ್ಯಾನಿಲಯಗಳು ಅಲ್ಲಿ ದ್ವೀಪಗಳನ್ನು ಪಡೆದುವು. 2006ರಲ್ಲಿ ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕ ಚಾರ್ಲ್ಸ್ ನೆಸ್ಸನ್ ತಮ್ಮ ಮಗಳೊಡನೆ ಅಲ್ಲಿಯೇ ಒಂದು ಪಾಠಕ್ರಮವನ್ನು ನಡೆಸಿದರು. ಆದರೆ 2010ರ ಅಕ್ಟೋಬರಿನಲ್ಲಿ ಕಂಪೆನಿಯು, ಶಿಕ್ಷಣ ಸಂಸ್ಥೆಗಳಿಗಿದ್ದ ಅರ್ಧ ಬೆಲೆಯ ರಿಯಾಯಿತಿ ಬರುವ ಜನವರಿಯಿಂದ ಇಲ್ಲವೆಂದು ಪ್ರಕಟಿಸಿತು. ಹಲವು ಸಂಸ್ಥೆಗಳು ಕಟ್ಟಿದ್ದನ್ನು ಬಿಟ್ಟು ಹೊರಡಬೇಕಾಯಿತು. 2013ರಲ್ಲಿ ರಿಯಾಯಿತಿಯನ್ನು ಮತ್ತೆ ಕೊಟ್ಟರೂ ಹೋದವರೆಲ್ಲ ಮರಳಲಿಲ್ಲ. ಕೆಲವರು 2007ರಲ್ಲಿ ಆರಂಭವಾಗಿದ್ದ ‘ಓಪನ್ ಸಿಮ್ಯುಲೇಟರ್’ ಎಂಬ ಮುಕ್ತ ತಂತ್ರಾಂಶದಿಂದ ಸ್ವಂತ ಯಂತ್ರಗಳಲ್ಲಿಯೇ ಲೋಕಗಳನ್ನು ಕಟ್ಟಿಕೊಂಡರು. ಗೇಣಿಯ ಭೂಮಿಯಲ್ಲಿ ತೆಂಗು ನೆಟ್ಟವನ ಅವಸ್ಥೆ ಏನೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಈ ಶತಮಾನದ ಪ್ರಾಧ್ಯಾಪಕರು ಅದನ್ನು ಇನ್ನೊಮ್ಮೆ ಕಲಿತರು.

ಇದೇ ಕಾಲದಲ್ಲಿ ಸ್ವೀಡನ್ನಿನಿಂದ ‘ಮೈನ್‌ಕ್ರಾಫ್ಟ್’ ಬಂದಿತು. 2009ರಲ್ಲಿ ಮೊದಲು ಹೊರಬಂದು, 2011ರಲ್ಲಿ ಪೂರ್ಣರೂಪ ತಾಳಿದ ಈ ಆಟದಲ್ಲಿ ಇಟ್ಟಿಗೆಯಂತಹ ಘನಗಳನ್ನು ಒಂದರ ಮೇಲೊಂದು ಇಟ್ಟು ಏನನ್ನು ಬೇಕಾದರೂ ಕಟ್ಟಬಹುದು. ಶಾಲೆಗಳಿಗಾಗಿ ಅದರ ಒಂದು ರೂಪವನ್ನು 2011ರಲ್ಲಿಯೇ ಸಿದ್ಧಪಡಿಸಲಾಯಿತು. 2014ರಲ್ಲಿ ಮೈಕ್ರೋಸಾಫ್ಟ್ ಮೂಲ ಕಂಪೆನಿಯನ್ನು ಕೊಂಡುಕೊಂಡು, 2016ರಲ್ಲಿ ತನ್ನದೇ ಶಿಕ್ಷಣ ಆವೃತ್ತಿಯನ್ನು ಹೊರತಂದಿತು.

ನಮ್ಮ ಶಾಲೆಯ ಒಂದು ಪ್ರಯೋಗ

ಇಷ್ಟು ಚರಿತ್ರೆಯನ್ನು ಹೇಳಿ ಸುಮ್ಮನಾದರೆ ಪರರ ಮನೆಯ ಮದುವೆಯ ವರ್ಣನೆಯಾದೀತು. ನಮ್ಮ ಅನುಭವವನ್ನೂ ಒಪ್ಪಿಸುತ್ತೇವೆ.

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಮುಕ್ತ ತಂತ್ರಾಂಶವನ್ನು ಆಶ್ರಯಿಸಿ ಬೆಳೆದುದು ನಮ್ಮ ಭಾಗ್ಯ. 2020ರ ಜೂನಿನಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದುವು. ಆಗ ಒಂದು ಫೋನಿನ ಮುಂದೆ ಅಣ್ಣ ತಂಗಿಯರು ಸರದಿಯಿಂದ ಕುಳಿತುದನ್ನು ನಾವು ಕಂಡೆವು. ಮಕ್ಕಳು ನೋಡಿದರು, ಕೇಳಿದರು, ಆದರೆ ಮಾಡಲಿಲ್ಲ. ಆ ಕೊರತೆ ಮನಸ್ಸಿನಲ್ಲಿ ಉಳಿದಿತ್ತು. 2023ರಲ್ಲಿ ಒಂಬತ್ತನೆಯ ತರಗತಿಯ ಮೂವತ್ತೆರಡು ಮಂದಿ ವಿದ್ಯಾರ್ಥಿಗಳನ್ನು ಎಂಟು ಕಂಪ್ಯೂಟರುಗಳ ಮುಂದೆ ಕೂರಿಸಿ, ಘನಗಳಿಂದ ಕಟ್ಟುವ ಒಂದು ಮುಕ್ತ ಆಟದಲ್ಲಿ ಬೇಕಲದ ಕೋಟೆಯನ್ನು ಕಟ್ಟಿರೆಂದೆವು. ಅಂತರಜಾಲ ಬೇಕಾಗಲಿಲ್ಲ, ಕೋಣೆಯೊಳಗಿನ ತಂತಿಯ ಜೋಡಣೆಯೇ ಸಾಕಾಯಿತು.

ಮೊದಲ ವಾರ ಸೋಲಾಯಿತು. ಕೈ ಚುರುಕಾದ ಏಳೆಂಟು ಹುಡುಗರು ಮೌಸನ್ನು ಹಿಡಿದು ಬಿಡಲಿಲ್ಲ, ಉಳಿದವರು ಪ್ರೇಕ್ಷಕರಾದರು. ಕಟ್ಟಿದುದೂ ಕೋಟೆಯಾಗಿರಲಿಲ್ಲ, ಯಾವುದೋ ಚಲಚ್ಚಿತ್ರದ ಅರಮನೆಯಾಗಿತ್ತು. ತಪ್ಪು ನಮ್ಮದೇ, ಸಿದ್ಧತೆಯಿಲ್ಲದೆ ಸಾಧನವನ್ನು ಒಪ್ಪಿಸಿದ್ದೆವು. ಎರಡನೆಯ ವಾರ ಯಂತ್ರಗಳನ್ನು ಆರಿಸಿ, ಚೌಕುಳಿ ಕಾಗದದ ಮೇಲೆ ನಕ್ಷೆ ಬರೆಯಿಸಿದೆವು. ನಾಲ್ವರ ತಂಡದಲ್ಲಿ ಒಬ್ಬರು ನಕ್ಷೆಗೆ, ಒಬ್ಬರು ಅಳತೆಗೆ, ಒಬ್ಬರು ಕಟ್ಟುವುದಕ್ಕೆ, ಒಬ್ಬರು ಬರಹಕ್ಕೆ ಎಂದು ವಿಭಾಗಿಸಿ, ದಿನಕ್ಕೊಮ್ಮೆ ಬದಲಿಸಿದೆವು.

ಹೊರಗೋಡೆಯ ರಂಧ್ರಗಳ ವಿಷಯದಲ್ಲಿ ಒಬ್ಬ ಹುಡುಗಿ ಪ್ರಶ್ನೆಯೆತ್ತಿದಳು: “ಸರ್, ಒಂದರ ಕೆಳಗೊಂದು ತೂತು ಯಾಕೆ? ಒಂದೇ ಸಾಕಾಗುವುದಿಲ್ಲವೋ?” ನಲವತ್ತು ವರ್ಷಗಳಿಂದ ಆ ಕೋಟೆಗೆ ಹೋಗಿಬರುತ್ತಿರುವ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮುಂದಿನ ಶನಿವಾರ ಎಲ್ಲರೂ ಬೇಕಲಕ್ಕೆ ಹೋದೆವು. ಮಕ್ಕಳು ಒಂದೊಂದು ರಂಧ್ರಕ್ಕೂ ಕಣ್ಣಿಟ್ಟು ನೋಡಿದರು. ಮೇಲಿನದರಿಂದ ದೂರದ ಕಡಲು ಕಂಡಿತು. ಮಧ್ಯದ್ದರಿಂದ ಹತ್ತಿರದ ನೀರು. ಕೆಳಗಿನದರಿಂದ ಗೋಡೆಯ ಬುಡ. ಶತ್ರು ಎಷ್ಟು ಸಮೀಪಿಸಿದರೂ ಗುರಿಯಿಡುವುದಕ್ಕೆ ಅನುಕೂಲವಾಗಲೆಂದು ಹಾಗೆ ಮಾಡಿದ್ದಾರೆ. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂಬ ಒಂದು ವಾಕ್ಯವನ್ನು ವರ್ಷ ವರ್ಷವೂ ಬಾಯಿಪಾಠ ಮಾಡಿಸುತ್ತಿದ್ದ ನಾವು, ಆ ಗೋಡೆಯ ಬುದ್ಧಿಯನ್ನು ಅಂದು ಮಕ್ಕಳ ಜೊತೆಯಲ್ಲಿ ಕಲಿತೆವು.

ಇನ್ನು ಭಾಷೆಯ ಸಂಗತಿ. ಕಟ್ಟಿದ ಭಾಗಗಳಿಗೆ ಫಲಕ ಹಾಕಬೇಕೆಂದಾಗ ಮಕ್ಕಳಿಗೆ ‘ಗೇಟ್’, ‘ಟವರ್’ ಎಂಬ ಮಾತುಗಳ ಹೊರತು ಬೇರೆ ತಿಳಿದಿರಲಿಲ್ಲ. ಹೆಬ್ಬಾಗಿಲು, ಕೊತ್ತಳ, ಬುರುಜು, ಕಂದಕ, ಮದ್ದಿನ ಮನೆ ಎಂಬ ಪದಗಳನ್ನು ಹುಡುಕಿ ಕೊಟ್ಟೆವು. ಫಲಕದ ಮೇಲೆ ಬೆರಳಚ್ಚಿಸಿದರೆ ಒತ್ತಕ್ಷರಗಳೆಲ್ಲ ಒಡೆದು ಬೇರೆ ಬೇರೆಯಾಗಿ ಬಿದ್ದುವು, ‘ಹೆಬ್ಬಾಗಿಲು’ ಓದಲಾರದಂತಾಯಿತು. ಅಕ್ಷರಕ್ಕೆ ಸಂಖ್ಯೆ ಇದ್ದರೂ, ಅಕ್ಷರಗಳನ್ನು ಕೂಡಿಸುವ ವಿದ್ಯೆಯನ್ನು ಆ ತಂತ್ರಾಂಶಕ್ಕೆ ಯಾರೂ ಕಲಿಸಿರಲಿಲ್ಲ. ಮಕ್ಕಳು ನೊಂದರು. ಕೊನೆಗೆ ಆ ಹೆಸರುಗಳನ್ನು ಕಾಗದದ ಪಟ್ಟಿಗಳಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದರು. ಲೋಕದೊಳಗೆ ಕೋಟೆ, ಲೋಕದ ಹೊರಗೆ ಕನ್ನಡ! 1956ರ ನವೆಂಬರದಿಂದ ಇಲ್ಲಿ ಬಾಳುತ್ತಿರುವವರಿಗೆ ಆ ನೋಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚರಿತ್ರೆಯ ಪಾಠ

ಈ ಚರಿತ್ರೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಒಂದು: ಮಕ್ಕಳು ತಾವೇ ಕಟ್ಟಿದ, ಪ್ರಶ್ನಿಸಿದ ಲೋಕಗಳಲ್ಲಿ ಕಲಿಕೆ ನಡೆದಿದೆ, ಬರಿಯ ಬೆರಗಿಗಾಗಿ ತೋರಿಸಿದಲ್ಲಿ ನಡೆದುದು ಕಡಮೆ. ಎರಡು: ಪರರ ಭೂಮಿಯಲ್ಲಿ ಕಟ್ಟಿದುದು ಪರರ ಇಚ್ಛೆಯಿರುವ ತನಕ, ಆದುದರಿಂದ ಶಾಲೆಗಳು ಮುಕ್ತ ತಂತ್ರಾಂಶವನ್ನು, ಸ್ವಂತ ಯಂತ್ರವನ್ನು ಬಿಡಬಾರದು. ಮೂರು: ಯಾವ ಭಾಷೆಯವರು ಕಟ್ಟುವ ಕೆಲಸದಲ್ಲಿ ಕೈಯಿಕ್ಕುವರೋ ಆ ಭಾಷೆಗೆ ಮಾತ್ರ ಅಲ್ಲಿ ಸ್ಥಾನ ದೊರೆಯುತ್ತದೆ. ಮುಕ್ತ ತಂತ್ರಾಂಶದ ಒಂದು ಗುಣವೆಂದರೆ ಅದರ ದೋಷವನ್ನು ಯಾರೂ ತಿದ್ದಬಹುದು. ನಮ್ಮಲ್ಲಿ ಕಲಿತು ಬೆಂಗಳೂರು, ಮಂಗಳೂರುಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಎಷ್ಟು ಮಂದಿಯಿಲ್ಲ! ಒತ್ತಕ್ಷರ ಒಡೆಯುವ ಈ ದೋಷವನ್ನು ಅವರಲ್ಲಿ ಕೆಲವರಿಗೆ ನಾವು ಬರೆದು ತಿಳಿಸಿದ್ದೇವೆ. ಇಬ್ಬರು ನೋಡುತ್ತೇವೆಂದು ಉತ್ತರಿಸಿದ್ದಾರೆ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಹೊಸೂರು, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಗಳಲ್ಲಿರುವ ಶಾಲೆಗಳೂ ತಮ್ಮ ತಮ್ಮ ಊರಿನ ಒಂದು ಕೋಟೆಯನ್ನೋ ಕೆರೆಯನ್ನೋ ಗುಡಿಯನ್ನೋ ಆರಿಸಿಕೊಳ್ಳಲಿ. ಮೊದಲು ಮಕ್ಕಳನ್ನು ಆ ಸ್ಥಳಕ್ಕೆ ಕರೆದೊಯ್ದು ಅಳೆಯಿಸಲಿ. ಅದರ ಭಾಗಗಳ ಹೆಸರನ್ನು ಊರಿನ ಹಿರಿಯರಿಂದ ಕೇಳಿ ಬರೆಯಿಸಲಿ. ಆಮೇಲೆ ಯಂತ್ರದ ಮುಂದೆ ಕೂರಿಸಲಿ. ಕಂಪ್ಯೂಟರು ಕೆಟ್ಟುಹೋದರೂ ಆ ಪದಗಳ ಪಟ್ಟಿ ಉಳಿಯುತ್ತದೆ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಆ ಕಾಗದದ ಪಟ್ಟಿಗಳು ಈಗಲೂ ಇವೆ. ಅವು ಪರದೆಯ ಒಳಕ್ಕೆ ಹೋಗುವ ದಿನದವರೆಗೆ ಅವನ್ನು ಕಿತ್ತು ತೆಗೆಯಬಾರದೆಂದು ಮಕ್ಕಳು ನಮಗೆ ಕಟ್ಟಪ್ಪಣೆ ಮಾಡಿದ್ದಾರೆ.