ಬೀಜಗಣಿತದ ನಿಯಮಗಳಿಂದ ಕಂಪ್ಯೂಟರ್ ಪ್ರೋಗ್ರಾಂಗಳವರೆಗೆ

ಪರಿವರ್ತನೀಯ ನಿಯಮ, ಸಹವರ್ತನೀಯ ನಿಯಮ ಎಂದು ಬಾಯಿಪಾಠ ಮಾಡಿದ್ದು ಮುಂದೆ ಯಾವ ಉಪಯೋಗಕ್ಕೆ ಬರುತ್ತದೆ ಎಂದು ಶಾಲಾ ಮಕ್ಕಳು ನನ್ನನ್ನು ಕೇಳುವುದುಂಟು. ಕಂಪ್ಯೂಟರ್ ವಿಜ್ಞಾನವನ್ನು ಬೋಧಿಸುವ ನಾನು ಅವರಿಗೆ ಹೇಳುವ ಇತಿಹಾಸವನ್ನೇ ನಮ್ಮ ಶಾಲೆಯ ಈ ಸುವರ್ಣ ಮಹೋತ್ಸವ ಸಂಚಿಕೆಗೆ ಬರೆಯುತ್ತಿದ್ದೇನೆ.

ಟೋನಿ ಹೋರ್ 1934ರಲ್ಲಿ ಕೊಲಂಬೊದಲ್ಲಿ ಹುಟ್ಟಿದ ಬ್ರಿಟಿಷ್ ವಿಜ್ಞಾನಿ. ಆಕ್ಸ್‌ಫರ್ಡ್‌ನಲ್ಲಿ ಅವರು ಓದಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ವಶಾಸ್ತ್ರ. ರೇಖಾಗಣಿತದ ಪ್ರಮೇಯವನ್ನು ಸಾಧಿಸುವಂತೆ ಒಂದು ಪ್ರೋಗ್ರಾಂ ಸರಿಯಾಗಿದೆ ಎಂಬುದನ್ನೂ ತರ್ಕದಿಂದ ಸಾಧಿಸಬಹುದೆಂದು 1969ರ ಪ್ರಬಂಧದಲ್ಲಿ ಅವರು ತೋರಿಸಿದರು. 1980ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 1987ರಲ್ಲಿ ಆಕ್ಸ್‌ಫರ್ಡ್‌ನ ಸಹೋದ್ಯೋಗಿಗಳ ಜೊತೆ ಸೇರಿ ಪ್ರೋಗ್ರಾಂಗಳು ಪಾಲಿಸುವ ಬೀಜಗಣಿತ ನಿಯಮಗಳನ್ನು ಪಟ್ಟಿ ಮಾಡಿದರು.

ಆ ನಿಯಮಗಳು ನಮಗೆ ಅಪರಿಚಿತವೇನಲ್ಲ. ಒಂದಾದ ಮೇಲೊಂದು ಮೂರು ಕೆಲಸ ಮಾಡುವಾಗ ಮೊದಲೆರಡನ್ನು ಒಂದು ಗುಂಪಾಗಿ ನೋಡಿದರೂ ಕೊನೆಯೆರಡನ್ನು ನೋಡಿದರೂ ಫಲ ಒಂದೇ. ಸಹವರ್ತನೀಯ ನಿಯಮ ಇಲ್ಲಿ ನಿಲ್ಲುತ್ತದೆ. ಆದರೆ ಪರಿವರ್ತನೀಯ ನಿಯಮ ನಿಲ್ಲದು. ಬಿತ್ತಿ ಉಳುವುದೂ ಉತ್ತು ಬಿತ್ತುವುದೂ ಒಂದೇ ಅಲ್ಲವಲ್ಲ! ಗುಣಾಕಾರದಲ್ಲಿ 1 ಇರುವಂತೆ, ಇಲ್ಲಿ 'ಏನೂ ಮಾಡದಿರು' ಎಂಬ ಆದೇಶವಿದೆ. ಅದನ್ನು ಹಿಂದೆ ಸೇರಿಸಿದರೂ ಮುಂದೆ ಸೇರಿಸಿದರೂ ಫಲ ಬದಲಾಗದು.

ಎರಡು ಪ್ರೋಗ್ರಾಂಗಳು ಏಕಕಾಲಕ್ಕೆ ಓಡುವಾಗ ಕಷ್ಟ ಶುರುವಾಗುತ್ತದೆ. ಜಂಟಿ ಖಾತೆಯಲ್ಲಿ 1000 ರೂಪಾಯಿ ಇದೆಯೆನ್ನಿ. ಗಂಡ 300, ಹೆಂಡತಿ 200 ಒಂದೇ ಕ್ಷಣದಲ್ಲಿ ತೆಗೆಯುತ್ತಾರೆ. ಎರಡೂ ಯಂತ್ರಗಳು ಮೊದಲು 1000 ಎಂದು ಓದಿಕೊಂಡರೆ ಒಂದು 700 ಎಂದೂ ಇನ್ನೊಂದು 800 ಎಂದೂ ಬರೆಯುತ್ತದೆ. ಉಳಿಯಬೇಕಾದದ್ದು 500! ಇಂಥ ತಪ್ಪು ಪರೀಕ್ಷೆಯಲ್ಲಿ ನೂರು ಸಲ ಕಾಣದೆ ನೂರೊಂದನೆಯ ಸಲ ಕಾಣಿಸಬಹುದು. 1985ರಿಂದ 1987ರವರೆಗೆ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ನೀಡಿತು. ಕೆಲವರು ಪ್ರಾಣ ಕಳೆದುಕೊಂಡರು. ಅದರಲ್ಲಿದ್ದ ಒಂದು ದೋಷ, ಆಪರೇಟರ್ ವೇಗವಾಗಿ ಟೈಪ್ ಮಾಡಿ ತಿದ್ದಿದಾಗ ಮಾತ್ರ ಹೊರಬೀಳುತ್ತಿತ್ತು.

ಹೋರ್ 1978ರಲ್ಲೇ ಏಕಕಾಲದ ಪ್ರೋಗ್ರಾಂಗಳಿಗೆ ಒಂದು ಭಾಷೆ ರೂಪಿಸಿದ್ದರು. 2009ರಲ್ಲಿ ಮೂವರು ಸಹಲೇಖಕರೊಡನೆ, ಅಮೆರಿಕದ ತರ್ಕಶಾಸ್ತ್ರಜ್ಞ ಕ್ಲೀನಿಯ ಹೆಸರಿನ ಬೀಜಗಣಿತವನ್ನು ಇವುಗಳಿಗೂ ವಿಸ್ತರಿಸಿದರು. ಅದರ ಮುಖ್ಯ ನಿಯಮವನ್ನು ಅಡುಗೆಮನೆಯಲ್ಲೇ ನೋಡಬಹುದು. ಒಬ್ಬರು ಅಕ್ಕಿ ತೊಳೆದು ಬೇಯಿಸುತ್ತಾರೆ, ಇನ್ನೊಬ್ಬರು ತರಕಾರಿ ಹೆಚ್ಚಿ ಬೇಯಿಸುತ್ತಾರೆ, ಒಬ್ಬರಿಗಾಗಿ ಒಬ್ಬರು ಕಾಯುವುದಿಲ್ಲ. 'ತೊಳೆಯುವುದೂ ಹೆಚ್ಚುವುದೂ ಎರಡೂ ಮುಗಿದ ಮೇಲೆಯೇ ಒಲೆ ಹಚ್ಚಿ' ಎಂದರೆ, ಅದು ಮೊದಲ ರೀತಿಯಲ್ಲಿ ಸಾಧ್ಯವಿರುವ ಹಲವು ಕ್ರಮಗಳಲ್ಲಿ ಒಂದು ಮಾತ್ರ. ಆದ್ದರಿಂದ ಮೊದಲನೆಯದು ಯಾವ ಕ್ರಮದಲ್ಲೂ ಕೆಡದೆಂದು ಸಾಧಿಸಿದರೆ ಎರಡನೆಯದೂ ಕೆಡದು. ಲಕ್ಷಾಂತರ ಕ್ರಮಗಳನ್ನು ಒಂದೊಂದಾಗಿ ಪರೀಕ್ಷಿಸಲಾಗದ ಕಡೆ ಇಂಥ ನಿಯಮವೇ ಆಧಾರ.

ಆದ್ದರಿಂದ ನಮ್ಮ ಶಾಲೆಯ ಮಕ್ಕಳಿಗೆ ನನ್ನ ಮಾತು ಇಷ್ಟೇ: ನಿಯಮವನ್ನು ಬಾಯಿಪಾಠ ಮಾಡಿದ ಮೇಲೆ, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿ. ಆ ಪ್ರಶ್ನೆಯ ಮೇಲೆ ಇಂದು ರೋಗಿಗಳ ಜೀವವೂ ಜನರ ಹಣವೂ ನಿಂತಿದೆ.